ಅಳತೆ ಬಲ್ಲವರು ಮಧ್ಯಸ್ಥಗಾರರಾಗಿ ಕೂರುವಾಗ: ನನ್ನ ಅನುಭವ

ಕೋಲಾರ ಜಿಲ್ಲೆಯಲ್ಲಿ ಬಹುಕಾಲ ಕ್ವಾಂಟಿಟಿ ಸರ್ವೇಯರ್ (ಕಟ್ಟಡ ಕೆಲಸದ ಪ್ರಮಾಣ, ವೆಚ್ಚಗಳನ್ನು ಅಳೆದು ಲೆಕ್ಕ ಹಾಕುವವ) ಆಗಿ ಬಿಲ್ಲು, ಅಳತೆ ಪುಸ್ತಕ, ದರ ವಿಶ್ಲೇಷಣೆಗಳ ನಡುವೆ ದುಡಿದ ಮೇಲೆ ನಾನು ಕಟ್ಟಡ ಗುತ್ತಿಗೆಯ ವ್ಯಾಜ್ಯಗಳಲ್ಲಿ ಮಧ್ಯಸ್ಥಗಾರನಾಗಿ, ಅಂದರೆ ಕೋರ್ಟಿನ ಬದಲು ತೀರ್ಪು ಕೊಡುವ ಆರ್ಬಿಟ್ರೇಟರ್ ಆಗಿ, ಕೂರಲು ಆರಂಭಿಸಿದೆ. ನಮ್ಮ ವೃತ್ತಿಯವರು ಈ ಕಡೆಗೆ ಬರುವುದಾದರೆ ಮೊದಲು ಮನಗಾಣಬೇಕಾದದ್ದು ಇದು: ಅಳತೆಯ ಜ್ಞಾನವಿದೆಯೆಂದೇ ನಮ್ಮನ್ನು ಆರಿಸುತ್ತಾರೆ, ಆದರೆ ಆ ಜ್ಞಾನವನ್ನು ಪಕ್ಷಕಾರರಿಗೆ ತಿಳಿಸದೆ ಬಳಸುವ ಹಕ್ಕು ನಮಗಿಲ್ಲ.

ಕೌಶಲದ ಪರೀಕ್ಷೆ ನೇಮಕಕ್ಕೂ ಮೊದಲೇ ಶುರುವಾಗುತ್ತದೆ. 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಅಧಿನಿಯಮದ 12ನೇ ಕಲಮಿನ ಪ್ರಕಾರ, ನಮ್ಮ ನಿಷ್ಪಕ್ಷಪಾತದ ಬಗ್ಗೆ ಸಂಶಯ ಹುಟ್ಟಿಸಬಹುದಾದ ಸಂಬಂಧಗಳನ್ನೆಲ್ಲ ಬರವಣಿಗೆಯಲ್ಲಿ ತಿಳಿಸಬೇಕು. 2015ರ ತಿದ್ದುಪಡಿಯಲ್ಲಿ ಸೇರಿದ ಏಳನೇ ಅನುಸೂಚಿಯು ಪಕ್ಷಕಾರರ ನೌಕರರನ್ನು, ಸಲಹೆಗಾರರನ್ನು, ಅವರೊಡನೆ ಹಿಂದೆ ಅಥವಾ ಈಗ ವ್ಯವಹಾರ ಸಂಬಂಧವುಳ್ಳವರನ್ನು ಅನರ್ಹರೆನ್ನುತ್ತದೆ. ವ್ಯಾಜ್ಯ ಹುಟ್ಟಿದ ಮೇಲೆ ಎರಡೂ ಕಡೆಯವರು ಸ್ಪಷ್ಟವಾಗಿ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ಅದಕ್ಕೆ ವಿನಾಯಿತಿ. ಮಾಲೂರು, ನರಸಾಪುರ, ವೇಮಗಲ್ ಕಡೆ ಕೆಲಸ ಮಾಡುವ ಗುತ್ತಿಗೆದಾರರ ಬಳಗ ಚಿಕ್ಕದು, ಅವರಲ್ಲಿ ಯಾರದೋ ಬಿಲ್ಲನ್ನು ನಾವು ಎಂದೋ ತಯಾರಿಸಿಕೊಟ್ಟಿರುತ್ತೇವೆ. ಅದಕ್ಕಾಗಿಯೇ ಹಳೆಯ ಗ್ರಾಹಕರ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಹೆಸರು ಸಿಕ್ಕಿದರೆ ನೇಮಕವನ್ನು ಒಪ್ಪುವುದಿಲ್ಲ.

42ಎ ಕಲಮಿನ ಗೋಪ್ಯತೆಯ ನಿಯಮವಿರುವುದರಿಂದ ಯಾವ ಪ್ರಕರಣವನ್ನೂ ಇಲ್ಲಿ ಬಿಡಿಸಿ ಹೇಳಲಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಬಗೆಯೊಂದಿದೆ, ಅದು ಬಂಡೆಯ ತಕರಾರು. ಪಾಯ ತೋಡಿದರೆ ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರಡಿ ಶಿಥಿಲ ಬಂಡೆ, ಇನ್ನೂ ಕೆಳಗೆ ಸಿಡಿಮದ್ದಿಗೆ ಮಾತ್ರ ಬಗ್ಗುವ ಗಟ್ಟಿ ಬಂಡೆ, ಇವೆಲ್ಲ ಒಂದೇ ಗುಂಡಿಯಲ್ಲಿ ಬೆರೆತಿರುತ್ತವೆ. ಗುತ್ತಿಗೆದಾರರು ಗಟ್ಟಿ ಬಂಡೆಯ ದರ ಕೇಳುತ್ತಾರೆ, ಮಾಲೀಕರು ಗರಸಿನ ದರಕ್ಕೆ ನಿಲ್ಲುತ್ತಾರೆ, ಅಷ್ಟರಲ್ಲಿ ಗುಂಡಿಗೆ ಕಾಂಕ್ರೀಟು ತುಂಬಿ ನೋಡಲು ಏನೂ ಉಳಿದಿರುವುದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳು ಕರಾರಿನಲ್ಲಿ ಸೇರಿದ್ದರೆ ದಾರಿ ಸ್ಪಷ್ಟ: ಅಗೆದ ಬಂಡೆಯನ್ನು ಬಗೆಬಗೆಯಾಗಿ ರಾಶಿ ಹಾಕಿ ಅಳೆದು, ಕಲ್ಲುಗಳ ನಡುವಿನ ಸಂದುಗಳಿಗಾಗಿ ಶೇ 50 ಕಳೆಯಬೇಕು. 1,000 ಘನ ಮೀಟರ್ ರಾಶಿಗೆ ಸಲ್ಲುವುದು 500 ಘನ ಮೀಟರ್. ಇಡೀ ಗುಂಡಿಯ ಗಾತ್ರದಲ್ಲಿ ಬಂಡೆಗಳ ಪಾಲನ್ನು ಕಳೆದು ಉಳಿದದ್ದು ಮಣ್ಣಿನ ದರಕ್ಕೆ ಹೋಗುತ್ತದೆ. ರಾಶಿಯ ಅಳತೆಯೇ ದಾಖಲಾಗಿಲ್ಲದಿದ್ದರೆ, ಜಂಟಿಯಾಗಿ ಸಹಿ ಮಾಡಿದ ನೆಲಮಟ್ಟದ ದಾಖಲೆಗಳು, ಸಿಡಿತದ ಬಿಲ್ಲುಗಳು, ದಿನಾಂಕವಿರುವ ಚಿತ್ರಗಳು, ನಿವೇಶನದ ದಿನಚರಿ ಇವನ್ನು ಒಂದಕ್ಕೊಂದು ತಾಳೆ ನೋಡಬೇಕಾಗುತ್ತದೆ.

ಇಂಥ ನೆಲದಲ್ಲಿ ಗಟ್ಟಿ ಬಂಡೆ ಸಾಮಾನ್ಯವಾಗಿ ಎಷ್ಟು ಬರುತ್ತದೆ ಎಂಬ ಅಂದಾಜು ನನ್ನ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆ ಅಂದಾಜನ್ನು ನೇರವಾಗಿ ಐತೀರ್ಪಿಗೆ (ಮಧ್ಯಸ್ಥಗಾರರು ಕೊಡುವ ತೀರ್ಪಿಗೆ) ಇಳಿಸದೆ, ಪ್ರಶ್ನೆಯ ರೂಪದಲ್ಲಿ ಎರಡೂ ಕಡೆಯವರ ಮುಂದಿಟ್ಟು, ಉತ್ತರಿಸಲು ಕಾಲಾವಕಾಶ ಕೊಟ್ಟು, ಅದನ್ನು ನಡಾವಳಿಯಲ್ಲಿ ಬರೆಸುತ್ತೇನೆ. ಕೊರಿಯಾದ ಗುತ್ತಿಗೆ ಕಂಪನಿ ಸ್ಯಾಂಗ್‌ಯಾಂಗ್ ಮತ್ತು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ನಡುವಣ 2019ರ ಪ್ರಕರಣದಲ್ಲಿ, ಕಡತದಲ್ಲೇ ಇಲ್ಲದ ಸರ್ಕಾರಿ ಮಾರ್ಗಸೂಚಿಗಳನ್ನು ಪಕ್ಷಕಾರರಿಗೆ ತಿಳಿಸದೆ ಆಧಾರವಾಗಿಟ್ಟುಕೊಂಡದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಮಧ್ಯಸ್ಥಗಾರರ ಬಹುಮತದ ಐತೀರ್ಪನ್ನು ರದ್ದುಪಡಿಸಿತು. ನಮ್ಮ ವೃತ್ತಿಯವರು ಆ ತೀರ್ಪನ್ನು ಓದಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಲ್ಲಿನ ಚೌಕಾಸಿಯಲ್ಲಿ ಪಳಗಿದವರು ಬಿಡಲೇಬೇಕಾದ ಅಭ್ಯಾಸವೆಂದರೆ ಅರ್ಧಕ್ಕರ್ಧ ತೀರ್ಮಾನ. ಊರಿನ ಪಂಚಾಯಿತಿಕಟ್ಟೆಯಲ್ಲಿ ಅದು ಶಾಂತಿ ತಂದೀತು. ಆದರೆ 28ನೇ ಕಲಮಿನ ಪ್ರಕಾರ, ಪಕ್ಷಕಾರರು ಸ್ಪಷ್ಟವಾಗಿ ಅಧಿಕಾರ ಕೊಡದ ಹೊರತು ಬರಿಯ ನ್ಯಾಯಬುದ್ಧಿಯ ಮೇಲೆ ತೀರ್ಮಾನಿಸುವಂತಿಲ್ಲ, ಕರಾರಿನ ಷರತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ವಿಳಂಬದ ಪರಿಹಾರಕ್ಕೆ ಬೇರೆಯೇ ಓದು ಬೇಕು. 1872ರ ಕರಾರು ಅಧಿನಿಯಮದ ಸಮಯ ಮೀರುವಿಕೆ ಮತ್ತು ನಷ್ಟಪರಿಹಾರದ ಬಗೆಗಿನ 55, 73 ಮತ್ತು 74ನೇ ಕಲಮುಗಳನ್ನು ನಾನು ವಕೀಲ ಮಿತ್ರರ ಜೊತೆ ಕುಳಿತು ಕಲಿತೆ. ವಿಳಂಬದ ನಷ್ಟವನ್ನು ಲೆಕ್ಕ ಹಾಕುವ ಹಡ್ಸನ್ ಸೂತ್ರವು ಗುತ್ತಿಗೆದಾರರ ಕೇಂದ್ರ ಕಚೇರಿಯ ಖರ್ಚು ಮತ್ತು ಲಾಭದ ಶೇಕಡಾ ಪ್ರಮಾಣವನ್ನು ಗುತ್ತಿಗೆಯ ಮೊತ್ತಕ್ಕೆ ಅನ್ವಯಿಸಿ, ಕರಾರಿನ ಅವಧಿಯಿಂದ ಭಾಗಿಸಿ, ವಿಳಂಬದ ಅವಧಿಯಿಂದ ಗುಣಿಸುತ್ತದೆ. ಲೆಕ್ಕ ಸುಲಭ. ಆದರೆ ಆ ವಿಳಂಬವಿಲ್ಲದಿದ್ದರೆ ಗುತ್ತಿಗೆದಾರರಿಗೆ ಬೇರೆ ಕೆಲಸ ಸಿಗುತ್ತಿತ್ತೇ, ವಿಳಂಬಕ್ಕೆ ಕಾರಣ ಯಾರು ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ. ಅವೆರಡಕ್ಕೂ ಸಾಕ್ಷ್ಯ ಕೇಳಿದ ನಂತರವೇ ಸೂತ್ರವನ್ನು ಕೈಗೆತ್ತಿಕೊಳ್ಳುತ್ತೇನೆ.

ಐತೀರ್ಪು ಬರೆಯುವಾಗ ಪ್ರತಿ ಬೇಡಿಕೆಗೂ ಕರಾರಿನ ಷರತ್ತು, ಎರಡೂ ಕಡೆಯ ವಾದ, ನಂಬಿದ ದಾಖಲೆ, ನಂಬದಿದ್ದುದಕ್ಕೆ ಕಾರಣ, ಕೊನೆಗೆ ಮೊತ್ತ ಎಂಬ ಕ್ರಮವನ್ನು ಪಾಲಿಸುತ್ತೇನೆ, ಏಕೆಂದರೆ ಮಧ್ಯಸ್ಥಿಕೆ ಅಧಿನಿಯಮದ 31ನೇ ಕಲಮು ಕಾರಣಗಳನ್ನು ಕೇಳುತ್ತದೆ. ಲೆಕ್ಕಗಳೆಲ್ಲ ಅನುಬಂಧದಲ್ಲಿ, ಸಾಲು ಸಾಲಾಗಿ, ಪುಟಸಂಖ್ಯೆಯ ಉಲ್ಲೇಖದೊಂದಿಗೆ ಇರುತ್ತವೆ. ಅದೇ ಅಧಿನಿಯಮದ 33ನೇ ಕಲಮಿನಡಿ ಪಕ್ಷಕಾರರು 30 ದಿನಗಳೊಳಗೆ ಗಣನೆಯ ತಪ್ಪನ್ನು ಸರಿಪಡಿಸುವಂತೆ ಕೇಳಬಹುದಾದ್ದರಿಂದ, ಯಾವ ಸಾಲಿನ ಬಗ್ಗೆ ಆಕ್ಷೇಪವಿದೆ ಎಂಬುದನ್ನು ಅವರು ಬೆರಳಿಟ್ಟು ತೋರಿಸುವಂತಿರಬೇಕು.