ತಗಡಿನ ಮಾಡಿಗೆ ಲೇಪನ: ಡಬ್ಬಿ ತೆರೆಯುವ ಮೊದಲು ಬಕೆಟ್ ಹಿಡಿಯಿರಿ

ದುಬಾರಿ ಬಣ್ಣ ತಂದು ಮಾಡಿಗೆ ಹೊಡೆಸಿ, ಒಂದೇ ಮಳೆಗಾಲಕ್ಕೆ ಅದು ಹಾವಿನ ಪೊರೆಯಂತೆ ಸುಲಿದು ಬಂದಾಗ ಎಲ್ಲರೂ ಬೈಯುವುದು ಬಣ್ಣವನ್ನೇ. ನಾನೂ ಒಮ್ಮೆ ಬೈದಿದ್ದೆ. ಸುಲಿದ ಚೂರನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಬೂದುಬಣ್ಣದ ಧೂಳು ಅಂಟಿಕೊಂಡಿತ್ತು. ಬಣ್ಣ ಹಿಡಿದಿದ್ದು ಧೂಳನ್ನು, ತಗಡನ್ನಲ್ಲ.

ಜಿಂಕ್ ಶೀಟಿನ ಮೇಲಿರುವ ಸತುವಿನ ಪದರ ತಾನು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಅದು ಮುಗಿದ ಜಾಗದಲ್ಲಿ ತುಕ್ಕು ಶುರು. ಲೇಪನ ನೀರು, ಗಾಳಿಯನ್ನು ತಡೆದು ಆ ಸತುವಿನ ಆಯುಸ್ಸನ್ನು ಉದ್ದ ಮಾಡುತ್ತದೆ. ಎರಡನೆಯ ಲಾಭ ತಂಪು. ಬರಿಯ ತಗಡು ಹೊಳೆಯುತ್ತದಾದರೂ, ಹೀರಿಕೊಂಡ ಬಿಸಿಯನ್ನು ಹೊರಗೆ ಬಿಡುವುದರಲ್ಲಿ ಬಹಳ ಜಿಪುಣ. ಬಿಳಿ ಲೇಪನ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಸೇರಿದ ಬಿಸಿಯನ್ನೂ ಸುಲಭವಾಗಿ ಬಿಡುತ್ತದೆ. ಮಳೆಯ ಸದ್ದೂ ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಗದದಷ್ಟು ತೆಳುವಾದ ಪದರ ಆ ಸದ್ದನ್ನೇನೂ ನಿಲ್ಲಿಸದು.

1. ತಟ್ಟಿ ನೋಡಿ

ತುಕ್ಕು ಹಿಡಿದ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಒಳಗೆ ಇಳಿದರೆ ಆ ಶೀಟ್ ಬದಲಿಸಿ, ತೂತಿಗೆ ಲೇಪನ ಮದ್ದಲ್ಲ. ಸ್ಕ್ರೂಗಳ ರಬ್ಬರ್ ವಾಷರ್ ಬಿರುಕುಬಿಟ್ಟಿದ್ದರೆ ಈಗಲೇ ಹೊಸದು ಹಾಕಿ. ಮೇಲೆ ಹತ್ತುವಾಗ ಸೊಂಟಕ್ಕೆ ಹಗ್ಗ ಇರಲಿ. ಸ್ಕ್ರೂಗಳ ಸಾಲಿನ ಮೇಲೆ ಮಾತ್ರ ಹೆಜ್ಜೆಯಿಡಿ, ಕೆಳಗೆ ಅಡ್ಡಪಟ್ಟಿ ಇರುವುದು ಅಲ್ಲೇ.

2. ತೊಳೆಯಿರಿ. ನಿಜವಾಗಿ ತೊಳೆಯಿರಿ

ಬಹುತೇಕರು ಕೆಡಿಸುವುದು ಇಲ್ಲಿಯೇ. ಪೊರಕೆಯಿಂದ ಗುಡಿಸಿ, ಪೈಪಿನಲ್ಲಿ ನೀರು ಬಿಟ್ಟರೆ ತೊಳೆದಂತಲ್ಲ. ಪಾಚಿ, ಹಕ್ಕಿ ಹಿಕ್ಕೆ, ಅಡುಗೆಮನೆ ಹೊಗೆಯ ಜಿಡ್ಡು, ಹಳೆಯ ಬಣ್ಣ ಬಿಸಿಲಿಗೆ ಪುಡಿಯಾಗಿ ನಿಂತ ಬಿಳಿ ಹುಡಿ, ಎಲ್ಲವೂ ಹೋಗಬೇಕು. ಸೋಪುನೀರು ಹಾಕಿ ಗಟ್ಟಿ ನೈಲಾನ್ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ. ಅಲೆಯ ತಗ್ಗುಗಳಲ್ಲಿ ಮತ್ತು ಒಂದು ಶೀಟ್ ಇನ್ನೊಂದರ ಮೇಲೆ ಕೂರುವ ಜೋಡಣೆಯಲ್ಲಿ ಎರಡು ಸಲ ಉಜ್ಜಿ. ಸೋಪಿನ ನೊರೆ ಪೂರ್ತಿ ಹೋಗುವವರೆಗೆ ನೀರು ಸುರಿಯಿರಿ. ಉಳಿದ ಸೋಪೂ ಜಿಡ್ಡಿನಷ್ಟೇ ಕೆಟ್ಟದ್ದು.

ಆಮೇಲೆ ಪರೀಕ್ಷೆ. ಒಂದು ಚೊಂಬು ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಂತೆ ಹರಡಿದರೆ ಸರಿ. ಮಣಿಮಣಿಯಾಗಿ ಒಡೆದು ನಿಂತರೆ ಅಲ್ಲಿ ಜಿಡ್ಡಿದೆ, ಮತ್ತೆ ಉಜ್ಜಿ. ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬಿಳಿ ಹುಡಿ ಹತ್ತಿದರೆ ನಿಮ್ಮ ಕೆಲಸ ಮುಗಿದಿಲ್ಲ.

ತುಕ್ಕು ಇರುವ ಜಾಗವನ್ನು ಮಾತ್ರ ವೈರ್ ಬ್ರಷ್, ಉಪ್ಪುಕಾಗದದಿಂದ ಉಜ್ಜಿ. ಬೇಗ ಆಗಲೆಂದು ಇಡೀ ಮಾಡಿನ ಮೇಲೆ ಗ್ರೈಂಡರ್ ಓಡಿಸುವವರನ್ನು ಕಂಡಿದ್ದೇನೆ. ಚೆನ್ನಾಗಿದ್ದ ಸತುವನ್ನೂ ಅವರು ಕೆರೆದು ಎಸೆಯುತ್ತಾರೆ. ಎದ್ದಿರುವ ಹಳೆಯ ಬಣ್ಣವನ್ನು ಕೆರೆದು ತೆಗೆದು, ಗಟ್ಟಿಯಾಗಿ ಕೂತ ಅಂಚನ್ನು ಉಜ್ಜಿ ಇಳಿಜಾರು ಮಾಡಿ. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದನ್ನು ಒಣ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ.

3. ಪ್ರೈಮರ್

ಅಂಗಡಿಗೆ ಹೋಗಿ 'ಕಬ್ಬಿಣಕ್ಕೆ ಪ್ರೈಮರ್' ಎಂದರೆ ರೆಡ್ ಆಕ್ಸೈಡ್ ಕೈಗೆ ಬರುತ್ತದೆ. ಅದು ಬರಿಯ ಕಬ್ಬಿಣದ ಕಿಟಕಿ ಸರಳಿಗೆ ಒಳ್ಳೆಯದು. ಜಿಂಕ್ ಶೀಟಿಗೆ ಬೇಡ. ಸಾಮಾನ್ಯ ಎನಾಮೆಲ್ ಮತ್ತು ಆ ಜಾತಿಯ ಪ್ರೈಮರಿನಲ್ಲಿರುವ ಎಣ್ಣೆಯ ಅಂಶ ಸತುವಿನ ಜತೆ ಸೇರಿ ನಿಧಾನವಾಗಿ ಸೋಪಿನಂಥ ಪದರವಾಗುತ್ತದೆ. ಬಣ್ಣ ಅದರ ಮೇಲೆ ಜಾರುತ್ತದೆ. ಮೊದಲ ವರ್ಷ ಏನೂ ಕಾಣದಿರಬಹುದು, ಮೋಸ ಅಲ್ಲೇ ಇರುವುದು. ಡಬ್ಬಿಯ ಮೇಲೆ ಗ್ಯಾಲ್ವನೈಸ್ಡ್ (ಅಂದರೆ ಸತು ಲೇಪಿಸಿದ) ಶೀಟಿಗೆಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಹಚ್ಚ ಹೊಸ ಶೀಟು ಗಾಜಿನಂತೆ ನುಣುಪಾಗಿರುವುದರಿಂದ, ಮೇಲ್ಮೈಯನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕು. 'ನೇರವಾಗಿ ತುಕ್ಕಿನ ಮೇಲೆ ಹಚ್ಚಿ' ಎನ್ನುವ ಡಬ್ಬಿಗಳು ಚಿಕ್ಕ ಕಲೆಗೆ ಪರವಾಗಿಲ್ಲ, ಪುಡಿಪುಡಿ ಉದುರುವ ತುಕ್ಕಿನ ಮೇಲೆ ದಂಡ.

4. ಲೇಪನ

ನನ್ನ ಆಯ್ಕೆ ಬಿಳಿಯ, ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್. ಕಾರಣ ಸರಳ: 6 ಮೀಟರ್ ಉದ್ದದ ಶೀಟು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಕಂಡರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟವನ್ನು ಗಡಸು ಬಣ್ಣ ತಾಳುವುದಿಲ್ಲ. ನೀರು ನಿಲ್ಲುವ ಚಪ್ಪಟೆ ಮಾಡಿಗೆ ಮಾತ್ರ ಅಕ್ರಿಲಿಕ್ ಬೇಡ, ಸಿಲಿಕೋನ್ ಹಾಕಿಸಿ.

ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ತಗಡಿನ ಮೇಲೆ ಅಂಗೈ ಇಡಲಾಗದಷ್ಟು ಕಾದರೆ ನಿಲ್ಲಿಸಿ. ಕಾದ ತಗಡಿನಲ್ಲಿ ಮೇಲ್ಪದರ ಬೇಗ ಒಣಗಿ ಒಳಗೆ ಗುಳ್ಳೆ ಏಳುತ್ತದೆ. ಸಂಜೆಯೂ ತಡಮಾಡಬೇಡಿ, ಹಸಿ ಲೇಪನದ ಮೇಲೆ ಇಬ್ಬನಿ ಬಿದ್ದರೆ ದಿನದ ದುಡಿಮೆ ಹೋಯಿತು. ಸ್ಕ್ರೂ ತಲೆ, ಜೋಡಣೆ, ಕತ್ತರಿಸಿದ ಅಂಚುಗಳಿಗೆ ಮೊದಲು ಬ್ರಷ್ಷಿನಿಂದ ಹಚ್ಚಿ, ಆಮೇಲೆ ರೋಲರ್. ಏಣಿಯಿಂದ ದೂರದ ಮೂಲೆಯಲ್ಲಿ ಶುರುಮಾಡಿ ಏಣಿಯ ಕಡೆಗೆ ಬನ್ನಿ. ಹಸಿ ಲೇಪನದ ನಡುವೆ ಸಿಕ್ಕಿಕೊಂಡು ಗಂಟೆಗಟ್ಟಲೆ ಕೂತವರಿದ್ದಾರೆ.

ಒಂದು ದಪ್ಪ ಕೋಟ್ ಬದಲು ಎರಡು ತೆಳು ಕೋಟ್. ಮೊದಲನೆಯದಕ್ಕೆ ಚೂರು ಬಣ್ಣದ ಸ್ಟೇನರ್ ಬೆರೆಸಿ, ಎರಡನೆಯದು ಹಚ್ಚುವಾಗ ಬಿಟ್ಟುಹೋದ ಜಾಗ ತಾನೇ ಎದ್ದು ಕಾಣುತ್ತದೆ. ನೀರು ಬೆರೆಸಿ ಡಬ್ಬಿ ದೊಡ್ಡದು ಮಾಡುವ ಪೇಂಟರ್ ಇದ್ದರೆ ಪಕ್ಕದಲ್ಲೇ ನಿಲ್ಲಿ. ಡಬ್ಬಿಯಲ್ಲಿ ಹೇಳಿದಷ್ಟು ವಿಸ್ತೀರ್ಣಕ್ಕಿಂತ ಹೆಚ್ಚು ಹಚ್ಚಿಯೂ ಮಿಕ್ಕಿತೆಂದರೆ ಪದರ ತೆಳುವಾಗಿದೆ ಎಂದೇ ಅರ್ಥ.

ಮಾಡಿನ ನೀರು ತೊಟ್ಟಿಗೆ ಹೋಗುತ್ತಿದ್ದರೆ ಪೈಪನ್ನು ಮೊದಲೇ ಬಿಚ್ಚಿಡಿ, ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ. ಮಿಕ್ಕ ಲೇಪನವನ್ನು ಚಿಕ್ಕ ಡಬ್ಬಿಗೆ ಸುರಿದು ಮುಚ್ಚಳದ ಮೇಲೆ ತಾರೀಕು ಬರೆದಿಡಿ. ಮುಂದಿನ ವರ್ಷ ಗೀರು ಬಿದ್ದ ಸ್ಕ್ರೂ ತಲೆಗಳಿಗೆ ಅಷ್ಟು ಸಾಕಾಗುತ್ತದೆ.