ಮಾತಿಗೆ ಮುಂದಿನ ಸಾಲು, ಬ್ಯಾಕಪ್‌ಗೆ ಹಿಂದಿನ ಸಾಲು

ನಮ್ಮ ಆಫೀಸಿನಲ್ಲಿ ಇಂಟರ್ನೆಟ್ ಮೂಲಕ ಮಾತಾಡುವ ಫೋನ್ ಆ್ಯಪ್ ಇದೆ. ಅದೇ ಲೈನಿನಲ್ಲಿ ಆರ್‌ಸಿಂಕ್ (ಫೈಲ್‌ಗಳನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡುವ ಪ್ರೋಗ್ರಾಮ್) ಬ್ಯಾಕಪ್ ಕೂಡ ಹೋಗುತ್ತದೆ. ಬ್ಯಾಕಪ್ ಶುರುವಾದರೆ ಸಾಕು, ಮಾತು ತುಂಡು ತುಂಡಾಗುತ್ತಿತ್ತು. ಸ್ಪೀಡ್ ಜಾಸ್ತಿ ಮಾಡಿಸಿದರೂ ಅಷ್ಟೇ. ಎಷ್ಟು ಜಾಗ ಕೊಟ್ಟರೂ ಬ್ಯಾಕಪ್ ತುಂಬಿಸಿಬಿಡುತ್ತದೆ, ಮಾತಿನ ಪುಟ್ಟ ಪ್ಯಾಕೆಟ್ ಅದರ ಹಿಂದೆ ಕಾಯುತ್ತದೆ. ಹಾಗಾಗಿ ಇರುವ ಆ್ಯಪ್‌ಗಳಿಗೇ ಕ್ಯುಒಎಸ್, ಅಂದರೆ ಯಾವ ಪ್ಯಾಕೆಟ್ ಮೊದಲು ಹೋಗಬೇಕೆಂಬ ಆದ್ಯತೆ, ಸೇರಿಸಲು ಕೂತೆ.

ಪ್ರತಿ ಪ್ಯಾಕೆಟ್‌ನ ಮೊದಲಲ್ಲಿರುವ ಐಪಿ ಹೆಡರಿನಲ್ಲಿ ಡಿಎಸ್‌ಸಿಪಿ ಅಂತ 6 ಬಿಟ್‌ಗಳಿವೆ, ಪ್ಯಾಕೆಟ್‌ನ ಆದ್ಯತೆಯ ಗುರುತು ಇಲ್ಲಿರುತ್ತದೆ. 1998ರಲ್ಲಿ ಬಂದ ಏರ್ಪಾಡು ಇದು. ಧ್ವನಿಗೆ ರೂಢಿಯಲ್ಲಿರುವ ಸಂಖ್ಯೆ 46. ಫೋನ್ ಆ್ಯಪ್‌ನ ಸೋರ್ಸ್ ನಮ್ಮ ಕೈಯಲ್ಲಿತ್ತು. ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ತೆರೆದ ಮೇಲೆ, ಅದರ ಆಪ್ಷನ್ ಬದಲಿಸುವ ಸೆಟ್‌ಸಾಕ್‌ಆಪ್ಟ್‌ನ ಒಂದೇ ಸಾಲು ಸೇರಿಸಿದೆ. ಆದರೆ ಅಲ್ಲಿ ಕೊಡಬೇಕಾದದ್ದು 46 ಅಲ್ಲ, 184. ಡಿಎಸ್‌ಸಿಪಿ ಇರುವ ಬೈಟ್‌ನ ಕೊನೆಯ ಎರಡು ಬಿಟ್ ಇಸಿಎನ್‌ಗೆ (ದಟ್ಟಣೆಯ ಸೂಚನೆಗೆ) ಸೇರಿದ್ದು, ಆದ್ದರಿಂದ 46ನ್ನು 4ರಿಂದ ಗುಣಿಸಬೇಕು. ಸುಮ್ನೆ 46 ಅಂತ ಬರೆದರೆ ಡಿಎಸ್‌ಸಿಪಿ 11 ಆಗಿ ಹೊರಡುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಐಪಿವಿ6ಗೆ ಬೇರೆ ಆಪ್ಷನ್ ಇದೆ, ಅದನ್ನೂ ಹಾಕಬೇಕು. ವಿಂಡೋಸ್ ಮಾತ್ರ ಈ ಆಪ್ಷನ್‌ಗೆ ಕಿವಿಗೊಡುವುದಿಲ್ಲ. ಅಲ್ಲಿ ಗ್ರೂಪ್ ಪಾಲಿಸಿಯಲ್ಲಿ ಪ್ರೋಗ್ರಾಮಿನ ಹೆಸರು ಕೊಟ್ಟು ಗುರುತು ಹಾಕಿಸಿದೆ.

ಬ್ಯಾಕಪ್‌ಗೆ ಕೋಡ್ ಮುಟ್ಟುವ ಅಗತ್ಯವೇ ಬರಲಿಲ್ಲ. ನಮ್ಮ ಆರ್‌ಸಿಂಕ್ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೇಲೆ ಓಡುತ್ತದೆ. ಓಪನ್ ಎಸ್‌ಎಸ್‌ಎಚ್‌ನಲ್ಲಿ ಐಪಿಕ್ಯುಒಎಸ್ ಅನ್ನುವ ಸೆಟ್ಟಿಂಗ್ ಇದೆ, ಅದಕ್ಕೆ ಸಿಎಸ್1 ಅನ್ನುವ ಕಡಿಮೆ ಆದ್ಯತೆಯ ಗುರುತು ಕೊಟ್ಟೆ. ಅಂದರೆ 'ನಾನು ಕಾಯುತ್ತೇನೆ, ನೀವು ಹೋಗಿ' ಎಂದ ಹಾಗೆ. ನನ್ನ ಪ್ರಕಾರ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಮುಖ್ಯವಾದದ್ದನ್ನು ಮೇಲೆತ್ತಲು ಹೋದರೆ ಎಲ್ಲರೂ ತಮ್ಮದೇ ಮುಖ್ಯ ಅನ್ನುತ್ತಾರೆ, ಅಲ್ವಾ? ಭಾರದ್ದನ್ನು ಕೆಳಗಿಳಿಸಿದರೆ ಯಾರಿಗೂ ತಕರಾರಿಲ್ಲ.

ಸೋರ್ಸ್ ಇಲ್ಲದ ಇನ್ನೊಂದು ಪ್ರೋಗ್ರಾಮಿಗೆ ನಮ್ಮ ಲೈಬ್ರರಿಯನ್ನು ಮೊದಲು ಲೋಡ್ ಮಾಡಿಸುವ ಲಿನಕ್ಸ್‌ನ ಎಲ್‌ಡಿ ಪ್ರಿಲೋಡ್ ಬಳಸಿದೆ. ಸಾಕೆಟ್ ಕರೆಯನ್ನು ನಡುವೆ ಹಿಡಿದು ಗುರುತು ಹಾಕುವ ಚಿಕ್ಕ ಲೈಬ್ರರಿ ಸಾಕು. ಸ್ಟ್ಯಾಟಿಕ್ ಆಗಿ ಲಿಂಕ್ ಆದ (ಲೈಬ್ರರಿಗಳನ್ನು ತಮ್ಮೊಳಗೇ ಸೇರಿಸಿಕೊಂಡ) ಪ್ರೋಗ್ರಾಮುಗಳಲ್ಲಿ ಇದು ನಡೆಯುವುದಿಲ್ಲ. ಅಂಥವಕ್ಕೆ ಫೈರ್‌ವಾಲ್ ನಿಯಮವೇ ಗತಿ.

ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಗುರುತು ಸರಿಯಾಗಿ ಕಂಡಿತು. ಆದರೆ ಅದನ್ನು ಗೌರವಿಸುವವರು ಇಲ್ಲದಿದ್ದರೆ ಏನೂ ಬದಲಾಗದು. ರೌಟರಿನಲ್ಲಿ ಕೇಕ್ ಹಾಕಿದೆ. ಇದು 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ಕ್ಯೂ ನಿರ್ವಹಣೆ. ಗುರುತು ನೋಡಿ ಪ್ಯಾಕೆಟ್‌ಗಳನ್ನು ನಾಲ್ಕು ಸಾಲಾಗಿ ವಿಂಗಡಿಸುವ ಡಿಫ್‌ಸರ್ವ್4 ಆರಿಸಿ, ಅಪ್‌ಲೋಡ್ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟೆ. ಈ ಸ್ವಲ್ಪದಲ್ಲೇ ಎಲ್ಲ ಇದೆ. ಆಗ ಕ್ಯೂ ಮೋಡೆಮ್‌ನಲ್ಲಿ ಬೆಳೆಯುವುದಿಲ್ಲ, ನಮ್ಮ ರೌಟರಿನಲ್ಲೇ ನಿಲ್ಲುತ್ತದೆ. ಯಾರು ಮೊದಲು ಅಂತ ನಾವೇ ತೀರ್ಮಾನಿಸಬಹುದು. ಆಚೆ ಇಂಟರ್ನೆಟ್‌ನಲ್ಲಿ ಗುರುತು ಅಳಿಸಿಹೋದರೂ ಚಿಂತೆಯಿಲ್ಲ, ನಮ್ಮ ಇಕ್ಕಟ್ಟು ಇದ್ದದ್ದು ಈ ಅಪ್‌ಲೋಡ್‌ನಲ್ಲೇ.

ವೈಫೈ ವಿಷಯ ಬೇರೆ. ಎಷ್ಟೋ ಸಾಧನಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡಿ, 46ನ್ನು ವಿಡಿಯೊ ಸಾಲಿಗೆ ಸೇರಿಸುತ್ತವೆ. ಧ್ವನಿಯ ಸಾಲಿಗೇ ಹೋಗಬೇಕೆಂದು ಇಂಟರ್ನೆಟ್ ಮಾನದಂಡಗಳ ದಾಖಲೆ ಆರ್‌ಎಫ್‌ಸಿ 8325 ಹೇಳುತ್ತದೆ. ನಮ್ಮ ಆಕ್ಸೆಸ್ ಪಾಯಿಂಟ್‌ನಲ್ಲಿ ಅದನ್ನು ಬದಲಿಸುವ ಸೆಟ್ಟಿಂಗ್ ಇರಲಿಲ್ಲ. ಫೋನ್ ಇರುವ ಟೇಬಲ್‌ಗಳಿಗೆ ಕೇಬಲ್ ಎಳೆಸಿದೆ.