ಗ್ರಿಡ್ಡಿಗೆ ಕೂರದ ಪ್ರೆಸ್ಸು

2003ರಲ್ಲಿ ನಾನೊಂದು ಟ್ರ್ಯಾಕ್ ಮಾಡಿದ್ದೆ. ಅದರಲ್ಲಿ ಸಾಹಿತ್ಯ ಇಲ್ಲ, ಗಾಯನ ಇಲ್ಲ. ನಾಲ್ಕೂವರೆ ನಿಮಿಷ ಕಬ್ಬಿಣದ ಏಟು, ಅದರಡಿಗೆ ಕರಕರ ಅನ್ನುವ ಸಿಂಥ್ ಬೇಸ್, ಅಷ್ಟೇ. ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ಕ್ರಾಸ್ ಆಚೆ ಅಪ್ಪ ಕೆಲಸ ಮಾಡುತ್ತಿದ್ದ ಶೆಡ್ಡಿತ್ತು. ತಗಡು ಒತ್ತಿ ಕತ್ತರಿಸುವ ಅಲ್ಲಿನ ಪವರ್ ಪ್ರೆಸ್ಸಿನ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ಗೆಳೆಯನ ಕಂಪ್ಯೂಟರಿನಲ್ಲಿ ತುಂಡು ತುಂಡು ಮಾಡಿ ಜೋಡಿಸಿದ್ದೆ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ಸಂಗೀತ ತಂಡ ತನ್ನ ರೆಕಾರ್ಡ್ ಲೇಬಲ್ಲಿಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಹೆಸರಿಟ್ಟಿತ್ತು ಎಂದು ಓದಿದ ಹುರುಪು ಆಗಷ್ಟೇ ತಲೆಗೇರಿತ್ತು. ಅವರು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬೇಕಿತ್ತೇನೋ. ನಮ್ಮ ಏರಿಯಾದಲ್ಲಿ ಅದು ಬೆಳಿಗ್ಗೆ ಎಂಟಕ್ಕೇ ಶುರುವಾಗುತ್ತಿತ್ತು.

ಕಳೆದ ವರ್ಷ ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಉಳಿದಿದ್ದು ಒಂದು 128 ಕೆಬಿಪಿಎಸ್ ಎಂಪಿ3 ಮಾತ್ರ. ಪ್ರಾಜೆಕ್ಟ್ ಫೈಲ್ ತೆರೆಯಲಿಲ್ಲ, ಆ ಕಾಲದ ಪ್ಲಗಿನ್‌ಗಳು ಈಗ ಯಾವುದರಲ್ಲೂ ಓಡುವುದಿಲ್ಲ. ಸರಿ, ಎಂಪಿ3ಯನ್ನೇ ಬಿಡಿಸೋಣ ಅಂತ, ಹಾಡನ್ನು ವಾದ್ಯವಾರು ಬೇರ್ಪಡಿಸುವ ಸಾಫ್ಟ್‌ವೇರ್ ಡೆಮ್ಯುಕ್ಸ್‌ಗೆ ಕೊಟ್ಟೆ. ಅದಕ್ಕೆ ಡ್ರಮ್ಸ್, ಬೇಸ್, ದನಿ, ಮಿಕ್ಕಿದ್ದು ಎಂಬ ನಾಲ್ಕೇ ಡಬ್ಬಿ ಗೊತ್ತು. ಪ್ರೆಸ್ಸಿನ ಒಂದೇ ಏಟು ಮೂರು ಪಾಲಾಯಿತು: ಟಪ್ ಅನ್ನುವ ಮೊದಲ ಚೂರು ಡ್ರಮ್ಸಿಗೆ, ನೆಲ ಅದುರುವ ಭಾಗ ಬೇಸಿಗೆ, ತಗಡಿನ ಝೇಂಕಾರ ಮಿಕ್ಕಿದ್ದಕ್ಕೆ. ಎರಡು ದಿನ ಅದರಲ್ಲೇ ಹೋಯಿತು.

ಆಮೇಲೆ ಅಮ್ಮನ ಬೀರುವಿನಲ್ಲಿ, ಭಾವಗೀತೆ ಕ್ಯಾಸೆಟ್ಟುಗಳ ನಡುವೆ, ಮೂಲ ಕ್ಯಾಸೆಟ್ಟೇ ಸಿಕ್ಕಿತು. ಗುಜರಿಯಲ್ಲಿ ಕೊಂಡ ಒಂದು ಡೆಕ್ ಇತ್ತು, ಹೊಸ ಬೆಲ್ಟ್ ಹಾಕಿದೆ. ಪುಟ್ಟ ಸ್ಕ್ರೂಡ್ರೈವರಿನಲ್ಲಿ ಟೇಪ್ ಓದುವ ಹೆಡ್ಡಿನ ಓರೆ ತಿದ್ದುತ್ತಾ ಹೋದಂತೆ ಮಂಕಾಗಿದ್ದ ಸದ್ದು ಬಿಡಿಸಿಕೊಂಡಿತು. ಕ್ಯಾಸೆಟ್ ಉಳಿಸಿಕೊಂಡವರು ಬೇರೇನು ಮಾಡದಿದ್ದರೂ ಇದೊಂದು ಮಾಡಿ.

ಸದ್ದಿನ ತಳದಲ್ಲಿ ಗುಂಯ್ ಅಂತ ಒಂದು ಹಮ್ ಇತ್ತು. ಅವತ್ತು ರೆಕಾರ್ಡರಿನ ಅಡಾಪ್ಟರನ್ನು ಶೆಡ್ಡಿನ ಬೋರ್ಡಿಗೇ ಚುಚ್ಚಿದ್ದರಿಂದ ಕರೆಂಟೂ ಟೇಪಿಗೆ ಇಳಿದಿತ್ತು. ತೆಗೆದುಹಾಕೋಣ ಅಂತ ಅಳೆದರೆ 51.5 ಹರ್ಟ್ಜ್. ನಮ್ಮ ಕರೆಂಟು 50. ಅಂದರೆ ಟೇಪು ಮೂರು ಪರ್ಸೆಂಟ್ ಜೋರಾಗಿ ಓಡುತ್ತಿದೆ! ಆಗ ದಕ್ಷಿಣದ ವಿದ್ಯುತ್ ಗ್ರಿಡ್ ಬೇರೆಯೇ ಇತ್ತು, ದೇಶದ ಗ್ರಿಡ್ಡಿಗೆ ಸೇರಿದ್ದು 2013ರ ಡಿಸೆಂಬರ್ 31ಕ್ಕೆ. ಅದಕ್ಕೂ ಮುಂಚೆ ಫ್ರೀಕ್ವೆನ್ಸಿ ಹಿಂದೆಮುಂದೆ ಆಗುತ್ತಿತ್ತು. ಇರಲಿ, 50 ಅಂತಲೇ ಹಿಡಿದು ವೇಗ ಇಳಿಸಿದೆ.

ಹಮ್ ತೆಗೆದು ಕೇಳಿದರೆ ಶೆಡ್ಡೇ ಮಾಯ. ಏಟುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಆಗ ಹೊಳೆಯಿತು, ಇದು ಕಸವಲ್ಲ, ಶ್ರುತಿ. 50ರ ಮೇಲೆ 100, ಅದರ ಮೇಲೆ 150: ಷಡ್ಜ, ಮೇಲಿನ ಷಡ್ಜ, ಪಂಚಮ. ತಂಬೂರಿಯೇ ಸರಿ. ತೊಂದರೆ ಏನೆಂದರೆ, ಸಿಂಥಿನಲ್ಲಿ ಅದಕ್ಕೆ ಹತ್ತಿರದ ಜಿ ಸ್ವರ 49 ಹರ್ಟ್ಜ್. 35 ಸೆಂಟ್‌ನಷ್ಟು ವ್ಯತ್ಯಾಸ (ಪಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್), ಕಿವಿಗೆ ಚುಚ್ಚುತ್ತದೆ. ಹಳೆಯ ಟ್ರ್ಯಾಕಿನಲ್ಲಿ ಬೇಸು ಯಾಕೆ ಹುಳಿಹುಳಿಯಾಗಿತ್ತು ಅಂತ ಇಪ್ಪತ್ತು ವರ್ಷದ ಮೇಲೆ ಗೊತ್ತಾಯಿತು. ಈ ಸಲ ಹಮ್ಮನ್ನು ಬಗ್ಗಿಸಲಿಲ್ಲ. ಸಿಂಥಿನ ಎ ಸ್ವರವನ್ನು 440ರಿಂದ 449ಕ್ಕೆ ಏರಿಸಿದೆ, ಅದರ ಜೊತೆ ಜಿ ಕೂಡ 50ಕ್ಕೆ ಬಂತು. ಬೇಸು ಹೋಗಿ ಶೆಡ್ಡಿನೊಳಗೆ ಕೂತಿತು.

ಲಯದ್ದು ಬೇರೆ ಕತೆ. ಅಪ್ಪನಿಗೆ ಹಳೆಯ ಎಂಪಿ3 ಕೇಳಿಸಿದೆ. ಪ್ರೆಸ್ಸಿನ ಪಕ್ಕ ದುಡಿದ ಕಿವಿ, ಆಡಿಯೋಗ್ರಾಮಿನಲ್ಲಿ (ಕಿವಿ ಪರೀಕ್ಷೆಯ ನಕ್ಷೆ) 4000 ಹರ್ಟ್ಜ್ ಹತ್ತಿರ ಗುಂಡಿ ಬಿದ್ದಿದೆ, ಹಾಗಾಗಿ ಸ್ಪೀಕರಿನಲ್ಲೇ ಹಾಕಿದೆ. ಒಂದು ನಿಮಿಷ ಕೇಳಿ, "ಯಾರದ್ದೋ ಇದು? ಹಿಂಗೆ ಒಂದೇ ಸಮ ಹೊಡೆದ್ರೆ ಕೈ ಉಳಿಯಲ್ಲ" ಅಂದರು.

"ನಿಮ್ದೇ ಅಪ್ಪಾ."

"ನಂದಲ್ಲ."

ಪ್ರೆಸ್ಸಿನ ಭಾರದ ಚಕ್ರ, ಫ್ಲೈವೀಲ್, ತನ್ನ ಪಾಡಿಗೆ ತಿರುಗುತ್ತಿರುತ್ತದೆ. ತಗಡಿನ ಪಟ್ಟಿಯನ್ನು ಡೈ ಎಂಬ ಅಚ್ಚಿನೊಳಗೆ ತಳ್ಳಿ, ಕೈ ಹಿಂದಕ್ಕೆ ತೆಗೆದುಕೊಂಡು, ಕಾಲಲ್ಲಿ ಪೆಡಲ್ ಒತ್ತಿದಾಗಲೇ ಏಟು ಬೀಳುವುದು. ನಾನು ಯಂತ್ರದ ತಾಳ ಅಂದುಕೊಂಡಿದ್ದು ಅಪ್ಪನ ಕೈ ಹಿಂದಕ್ಕೆ ಬರಲು ಹಿಡಿಯುತ್ತಿದ್ದ ಹೊತ್ತು. ಅದನ್ನು ನಾನು 120 ಬಿಪಿಎಮ್ಮಿನ, ಅಂದರೆ ನಿಮಿಷಕ್ಕೆ 120 ಬೀಟಿನ, ಗ್ರಿಡ್ಡಿಗೆ ಮೊಳೆ ಹೊಡೆದು ಕೂರಿಸಿದ್ದೆ.

ಕ್ಯಾಸೆಟ್ಟಿನಲ್ಲಿ ಅಳೆದರೆ ಏಟಿನಿಂದ ಏಟಿಗೆ 1.7 ಸೆಕೆಂಡಿನಿಂದ 2.3ರವರೆಗೆ. ಮೊದಲು ಒಂದೊಂದು ಏಟನ್ನೂ ಒಂದೊಂದು ಬಾರ್ (ನಾಲ್ಕು ಬೀಟಿನ ಆವರ್ತ) ಮಾಡಿ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಟೆಂಪೋ ಮ್ಯಾಪ್ ಹಾಕಿದೆ, ಅಂದರೆ ಬಾರಿಗೊಂದು ವೇಗ ಕೊಟ್ಟೆ. ಒಂದು ಬಾರ್ 104, ಮುಂದಿನದು 141. ಡ್ರಮ್ಸ್ ನುಡಿಸುವ ಗೆಳೆಯ ಕೇಳಿ, "ಕುಡಿದು ಸ್ಕೂಟರ್ ಓಡಿಸ್ದಂಗಿದೆ ಗುರು" ಅಂದ. ನಿಜವೇ. ಕೊನೆಗೆ ನಾಲ್ಕು ನಾಲ್ಕು ಏಟುಗಳ ಸರಾಸರಿ ತೆಗೆದು ಬೇಸನ್ನು ಅದಕ್ಕೆ ಕಟ್ಟಿದೆ, ಪ್ರೆಸ್ಸನ್ನು ಬಿಟ್ಟುಬಿಟ್ಟೆ. ಅದು ಒಮ್ಮೆ ಮುಂದೆ ಬೀಳುತ್ತದೆ, ಒಮ್ಮೆ ತಡವಾಗಿ. ಟೇಪಿನ ಕೊನೆಗೆ ಬರುತ್ತಾ ತಡವೇ ಜಾಸ್ತಿ, ಊಟದ ಹೊತ್ತಾಗಿತ್ತು ಅಂತ ಕಾಣುತ್ತದೆ.

ಪೀಣ್ಯದಲ್ಲಿ ಹೊಸ ಪ್ರೆಸ್ಸೊಂದನ್ನೂ ರೆಕಾರ್ಡ್ ಮಾಡಿಕೊಂಡು ಬಂದೆ. ಅಲ್ಲಿನ ಹುಡುಗ, "ಸಾರ್, ನಾವು ಕಿವೀಲಿ ಹತ್ತಿ ಇಟ್ಕೊಂತೀವಿ, ನೀವು ಮೈಕ್ ಇಡ್ತೀರಲ್ಲ" ಅಂತ ನಕ್ಕ. ಅದರ ನ್ಯೂಮ್ಯಾಟಿಕ್ ಕ್ಲಚ್ಚಿನ ಉಸ್ಸೆನ್ನುವ ಗಾಳಿ ಮಾತ್ರ ಬಳಸಿಕೊಂಡೆ. ಕೊನೆಯ ಹದ, ಅಂದರೆ ಮಾಸ್ಟರಿಂಗ್ ಬಗ್ಗೆ ಹೇಳುವಂಥದ್ದೇನಿಲ್ಲ. ಆಗ ಲಿಮಿಟರಿನಲ್ಲಿ ಎಲ್ಲ ಸದ್ದನ್ನೂ ಒಂದೇ ಎತ್ತರಕ್ಕೆ ಒತ್ತಿ ಇಟ್ಟಿಗೆ ಮಾಡಿದ್ದೆ, ಈಗ ಮೈನಸ್ 14 ಲಫ್ಸ್ (ಸದ್ದಿನ ಜೋರಿನ ಅಳತೆ) ಸುತ್ತಮುತ್ತ ಬಿಟ್ಟಿದ್ದೇನೆ. ಏಟಿಗೆ ಏಳಲು ಜಾಗ ಬೇಕು.

ಒಂದು ಕಡೆ ಮಾತ್ರ ಬಹಳ ಯೋಚಿಸಿದೆ. ಕ್ಯಾಸೆಟ್ಟಿನ ನಡುವೆ ಹನ್ನೊಂದು ಸೆಕೆಂಡ್ ಏಟೇ ಇಲ್ಲ. 2003ರಲ್ಲಿ ಅದನ್ನು ಕತ್ತರಿಸಿ ಎಸೆದಿದ್ದೆ. ಈ ಸಲ ಇಟ್ಟೆ, ಬೇಸನ್ನೂ ಅಲ್ಲಿ ನಿಲ್ಲಿಸಿದೆ. ಬರೀ ಹಮ್, ಫ್ಲೈವೀಲ್, ದೂರದಲ್ಲಿ ಯಾರೋ ಕೆಮ್ಮಿದ್ದು.

ಹೊಸದನ್ನು ಅಪ್ಪನಿಗೆ ಹಾಕಿದೆ. ಸುಮ್ಮನೆ ಕೂತು ಕೇಳುತ್ತಿದ್ದರು. ಆ ಖಾಲಿ ಜಾಗ ಬಂದಾಗ ಅವರ ಬಲಗಾಲು ನೆಲದಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು.

"ಡೈಯಲ್ಲಿ ಚೂರು ಸಿಕ್ಕಾಕೊಂಡಿತ್ತು," ಅಂದರು. "ಕೊಕ್ಕೆ ಹಾಕಿ ತೆಗೀತಿದೀನಿ. ಆ ಡೈ ಸರಿ ಇಲ್ಲ ಅಂತ ಓನರ್‌ಗೆ ಮೂರು ಸಲ ಹೇಳಿದ್ದೆ."